ಎರಡಾಣೆ ಎಂಟು ಪೈ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿದಾಗ, "ಸಾಫ್ಟ್‌ವೇರ್ ಬಗ್ಗೆ ಏನಾರ ಮಾತಾಡ್ರಿ, ಹುಡುಗರಿಗೆ ಹುರುಪು ಬರ್ತದ" ಅಂದರು. ಆಯ್ತು ಅಂದೆ. ಆಮೇಲೆ ರಾತ್ರಿ ಬಸ್ಸಿನಲ್ಲಿ ಕುಳಿತು ಯೋಚನೆ ಮಾಡಿದೆ. ಈ ಶಾಲೆಯಲ್ಲಿ ಕಲಿತದ್ದರಲ್ಲಿ ನಾನು ಇವತ್ತಿಗೂ ನನ್ನ ಕೆಲಸದಲ್ಲಿ ಬಳಸುವುದು ಯಾವುದು? ನೆನಪಿಗೆ ಬಂದದ್ದು ಬಹಳ ಸಣ್ಣ ವಿಷಯ. ಭಿನ್ನರಾಶಿಯನ್ನು ಸರಳ ರೂಪಕ್ಕೆ ತರುವುದು. 6/8 ಇದ್ದರೆ 3/4 ಅಂತ ಬರೆಯುತ್ತೀವಲ್ಲ, ಅದು. ಇಷ್ಟು ದೂರದಿಂದ ಇವನು ಬಂದದ್ದು ಇದನ್ನು ಹೇಳಲಿಕ್ಕಾ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದೀರಿ. ನಗಿ. ಆದರೆ ಸ್ವಲ್ಪ ಕೇಳಿ, ನಮ್ಮ ಮನೆಯಲ್ಲಿ ಈ ಸಣ್ಣ ವಿಷಯಕ್ಕೇ ಎರಡು ಒಲೆಗಳ ನಡುವೆ ನಾಲ್ಕು ವರ್ಷ ಮಾತು ನಿಂತಿತ್ತು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಭಿನ್ನರಾಶಿ ಐದನೇ, ಆರನೇ ತರಗತಿಯಲ್ಲೇ ಕಲಿತಿರಬೇಕಾದ ಪಾಠ. ನಾನು ಅದನ್ನು ಸರಿಯಾಗಿ ಕಲಿಯದೆಯೇ ಎಂಟನೇ ತರಗತಿಗೆ ಬಂದು ಕುಳಿತಿದ್ದೆ. ಒಂದು ಕಿರುಪರೀಕ್ಷೆಯಲ್ಲಿ 16/64ನ್ನು ಸರಳ ರೂಪಕ್ಕೆ ತನ್ನಿ ಅಂತ ಇತ್ತು. ನಾನು ಮೇಲಿನ 6 ಹೊಡೆದೆ, ಕೆಳಗಿನ 6 ಹೊಡೆದೆ, 1/4 ಅಂತ ಬರೆದೆ. ಉತ್ತರ ಸರಿ! ಸರ್ ಕೆಂಪು ಪೆನ್ನಿನಿಂದ "ಉತ್ತರಕ್ಕೆ ಅರ್ಧ, ದಾರಿಗೆ ಸೊನ್ನೆ" ಅಂತ ಬರೆದುಕೊಟ್ಟರು. ನಾನು ಜಗಳಕ್ಕೇ ಹೋದೆ. ಅವರು ಬೈಯಲಿಲ್ಲ, ಬೋರ್ಡಿನ ಮೇಲೆ 12/24 ಬರೆದರು. "ಇದನ್ನೂ ಹಂಗೇ ಹೊಡಿ" ಅಂದರು. ಮೇಲಿನ 2 ಹೊಡೆದೆ, ಕೆಳಗಿನ 2 ಹೊಡೆದೆ, ಮತ್ತೆ 1/4 ಬಂತು. "ಮನ್ಯಾಗ ಇಪ್ಪತ್ನಾಲ್ಕು ರೊಟ್ಟಿ ಬಡದಿದ್ರು, ಹನ್ನೆರಡು ನೀ ತಿಂದಿ. ಅರ್ಧ ತಿಂದಿಯೋ ಕಾಲು ತಿಂದಿಯೋ?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಆದರೆ ಆ ದಿನ ತಲೆಗೆ ಹತ್ತಿತು.

ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಒಂದಕ್ಕಿಂತ ಚಿಕ್ಕದಾದ ಎರಡಂಕಿಯ ಭಿನ್ನರಾಶಿಗಳಲ್ಲಿ, ಸೊನ್ನೆ ಹೊಡೆಯುವ ಸುಲಭದವುಗಳನ್ನು ಬಿಟ್ಟರೆ, ಹೀಗೆ ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರ ಕೊಡುವವು ನಾಲ್ಕೇ ನಾಲ್ಕು: 16/64, 19/95, 26/65, 49/98. ಆ ನಾಲ್ಕರಲ್ಲಿ ಒಂದು ನನ್ನ ಪಾಲಿಗೆ ಬಂದಿತ್ತು.

ಹೊಡೆಯಬೇಕಾದದ್ದು ಅಂಕಿಯನ್ನಲ್ಲ, ಗುಣಕವನ್ನು. 16 ಅಂದರೆ 16×1, 64 ಅಂದರೆ 16×4. ಎರಡರಲ್ಲೂ ಗುಣಿಸಿಕೊಂಡು ಕುಳಿತಿರುವ ಆ 16 ತೆಗೆದರೆ 1/4. ಅಷ್ಟೇ. ಕೂಡಿಸಿಕೊಂಡು ಕುಳಿತದ್ದನ್ನು ತೆಗೆಯಲಿಕ್ಕೆ ಬರುವುದಿಲ್ಲ. ಮೇಲೆ 3+5, ಕೆಳಗೆ 3+7 ಇದ್ದರೆ 3 ಹೊಡೆದು 5/7 ಅನ್ನಬಾರದು, ಅದು 8/10, ಅಂದರೆ 4/5. ಮಕ್ಕಳೇ, ಇದನ್ನು ಸಣ್ಣ ಮಾತು ಅಂದುಕೊಳ್ಳಬೇಡಿ. ಬಿ.ಇ. ಮೊದಲ ವರ್ಷದಲ್ಲಿ ಬೀಜಗಣಿತದ ದೊಡ್ಡ ದೊಡ್ಡ ಲೆಕ್ಕಗಳಲ್ಲಿ, ಇಂಗ್ಲಿಷ್ ಮಾಧ್ಯಮದಿಂದ ಬಂದ ಹುಡುಗರು ಸಹ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ, ಇದರಲ್ಲಿ ತಡವರಿಸಲಿಲ್ಲ. ಇಪ್ಪತ್ನಾಲ್ಕು ರೊಟ್ಟಿಯ ಪುಣ್ಯ.

ಈಗ ಮನೆಯ ಸಂಗತಿ. ನಮ್ಮ ಮುತ್ಯಾನ ಹೊಲ 7 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಒಟ್ಟು 300 ಗುಂಟೆ. ಮೂರು ಮಂದಿ ಗಂಡು ಮಕ್ಕಳು, ತಲೆಗೆ 100 ಗುಂಟೆ. ದೊಡ್ಡಪ್ಪ ಬೇಗ ತೀರಿಕೊಂಡರು. ಆಗ ಮುತ್ಯಾ ಹಿರಿಯರನ್ನು ಕೂಡಿಸಿ, ದೊಡ್ಡಪ್ಪನ ಪಾಲಿನಲ್ಲಿ ಅರ್ಧ ದೊಡ್ಡವ್ವನ ಹೆಸರಿಗೆ, ಅರ್ಧ ಅವಳ ಮಗನ ಹೆಸರಿಗೆ ಅಂತ ಒಂದು ಕಾಗದ ಬರೆಸಿದ್ದ. 1957ರಲ್ಲೇ ದೇಶಕ್ಕೆ ನಯೆ ಪೈಸೆ ಬಂದು ಆಣೆ ಹೋಗಿದ್ದರೂ, ಪಾಲು ಹೇಳುವಾಗ ಹಳೆಯ ಮಂದಿ ಆಣೆಯಲ್ಲೇ ಹೇಳುತ್ತಿದ್ದರು. ಪೂರ್ತಿ ಅಂದರೆ ಹದಿನಾರಾಣೆ. ಆ ಕಾಗದದಲ್ಲಿ ದೊಡ್ಡವ್ವನ ಪಾಲು "ಎರಡಾಣೆ ಎಂಟು ಪೈ" ಅಂತ ಇತ್ತು.

ಮುತ್ಯಾ ಹೋದ ಮೇಲೆ ನಮ್ಮಪ್ಪ, ಕಾಕಾ ಸೇರಿ ಹೊಸದಾಗಿ ವಾಟ್ನಿ ಪತ್ರ ಮಾಡಿಸಿದರು. ಟೈಪ್ ಮಾಡಿದವರು ಅದರಲ್ಲಿ ದೊಡ್ಡವ್ವನ ಪಾಲು 50/300 ಅಂತ ಹಾಕಿದರು. ಎರಡೂ ಕಾಗದ ಒಂದೇ ಟ್ರಂಕಿನಲ್ಲಿ ಇದ್ದವು. ಒಂದು ದಿನ ಯಾರೋ ಒಬ್ಬರು, ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದವರು, ದೊಡ್ಡವ್ವಗೆ ಲೆಕ್ಕ ಮಾಡಿ ತೋರಿಸಿದರು. ಎರಡಾಣೆ ಎಂಟು ಪೈ ಅಂದರೆ 2.8. ಹದಿನಾರರಲ್ಲಿ 2.8 ಅಂದರೆ ಮುನ್ನೂರು ಗುಂಟೆಗೆ 52.5 ಗುಂಟೆ. ಇವರು ನಿನಗೆ ಕೊಟ್ಟದ್ದು 50. ಎರಡೂವರೆ ಗುಂಟೆ ನುಂಗ್ಯಾರ.

ಎರಡೂವರೆ ಗುಂಟೆ! ಕೂಲಿ ಮಾಡಿ ಮಗನನ್ನು ಸಾಕಿದ ಹೆಂಗಸಿಗೆ ಅದು ಎಷ್ಟು ದೊಡ್ಡದು ಅಂತ ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಗುಂಟೆಗಿಂತ ದೊಡ್ಡದು, ಗಂಡ ಇಲ್ಲದವಳು ಅಂತ ಮೈದುನರು ಮೋಸ ಮಾಡಿದರು ಎಂಬ ಮಾತು. ಅವಳು ಜಗಳ ಆಡಲಿಲ್ಲ. ಮಾತು ಬಿಟ್ಟಳು. ನಮ್ಮ ಮನೆಯ ಬಾವಿಗೆ ಬರುವುದನ್ನೂ ಬಿಟ್ಟು, ಓಣಿ ಸುತ್ತಿ ಬೋರಿಗೆ ಹೋಗುತ್ತಿದ್ದಳು. ನಮ್ಮಪ್ಪನಿಗೆ ಲೆಕ್ಕ ಬಿಡಿಸಿ ಹೇಳಲಿಕ್ಕೆ ಬರಲಿಲ್ಲ. "ನಾ ಯಾಕ ಮೋಸ ಮಾಡ್ಲಿ" ಅಂತ ಅಷ್ಟೇ ಹೇಳುತ್ತಿದ್ದ. ಅದು ಉತ್ತರ ಆಗುವುದಿಲ್ಲ, ಅಲ್ವಾ?

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಈ ಎರಡು ಕಾಗದಗಳನ್ನು ನೋಡಿದೆ. ಪೈ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಗಣಿತ ಸರ್ ಹತ್ತಿರ ಹೋಗಿ ಕೇಳಿದೆ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಅಂದರು. ಮುಂದಿನದು ಹೇಳಲಿಲ್ಲ, "ನೀನೇ ಮಾಡು" ಅಂದರು. ಮಾಡಿದೆ. ಎರಡಾಣೆ ಅಂದರೆ 24 ಪೈ, ಮೇಲೆ 8, ಒಟ್ಟು 32 ಪೈ. ಹದಿನಾರಾಣೆ ಅಂದರೆ 192 ಪೈ. ಪಾಲು 32/192. ಎರಡನ್ನೂ 32ರಿಂದ ಭಾಗಿಸಿದರೆ 1/6. ಹೊಸ ಕಾಗದದ್ದು 50/300. ಎರಡನ್ನೂ 50ರಿಂದ ಭಾಗಿಸಿದರೆ 1/6. ನಾಲ್ಕು ವರ್ಷ ಜಗಳಾಡಿದ್ದು 1/6ಕ್ಕೂ 1/6ಕ್ಕೂ! ತಪ್ಪಾಗಿದ್ದದ್ದು ಎಂಟು ಪೈಯನ್ನು ಪಾಯಿಂಟ್ ಎಂಟು ಅಂತ ಓದಿದ್ದರಲ್ಲಿ. ಅದು ಹತ್ತರಲ್ಲಿ ಎಂಟಲ್ಲ, ಹನ್ನೆರಡರಲ್ಲಿ ಎಂಟು.

ಹಾಳೆ ತೆಗೆದುಕೊಂಡು ದೊಡ್ಡವ್ವನ ಮನೆಗೆ ಹೋದೆ. ಅವಳಿಗೆ ಓದಲಿಕ್ಕೆ ಬರುತ್ತಿರಲಿಲ್ಲ. 32/192 ಅಂದರೆ ಏನೂ ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಆರು ಕಡ್ಡಿ ಇಟ್ಟೆ. ಮೂರು ಮಂದಿ ಅಣ್ಣತಮ್ಮರು, ಎರಡೆರಡು ಕಡ್ಡಿ. ದೊಡ್ಡಪ್ಪನ ಎರಡು ಕಡ್ಡಿಯಲ್ಲಿ ಒಂದು ಅಣ್ಣಂದು, ಒಂದು ನಿಂದು. ಮುತ್ಯಾನ ಕಾಗದದೊಳಗೂ ಇದೇ ಒಂದು ಕಡ್ಡಿ, ಅಪ್ಪನ ಕಾಗದದೊಳಗೂ ಇದೇ ಒಂದು ಕಡ್ಡಿ ಅಂದೆ. ಅವಳು ಬಹಳ ಹೊತ್ತು ಆ ಕಡ್ಡಿ ನೋಡಿದಳು. "ಇದನ್ನ ಅವತ್ತ ಯಾರೂ ಹೇಳ್ಲಿಲ್ಲಲ್ಲೋ ಕೂಸs" ಅಂದಳು, ಒಳಗೆ ಹೋದಳು. ಒಮ್ಮೆಗೇ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ವರ್ಷದ ಎಳ್ಳ ಅಮಾಸಿಗೆ ಚರಗ ಚೆಲ್ಲಲಿಕ್ಕೆ ಅವಳ ಹೊಲಕ್ಕೆ ನಮ್ಮನ್ನು ಕರೆದಳು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಬಡಿಸಿದಳು. ನಮ್ಮಪ್ಪ ಹೊಲದ ಬದುವಿನ ಮೇಲೆ ತಲೆ ಬಗ್ಗಿಸಿ ಕುಳಿತು ಉಂಡ. ಅವರಿಬ್ಬರೂ ಆ ಲೆಕ್ಕದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸರಳ ರೂಪಕ್ಕೆ ತರುವುದು ಅಂದರೆ ಪರೀಕ್ಷೆಯಲ್ಲಿ ಅರ್ಧ ಮಾರ್ಕಿನ ಶಿಸ್ತು ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಒಂದೇ ಪಾಲಿಗೆ ನೂರು ವೇಷ ಇರುತ್ತವೆ: 50/300, 32/192, 2/12. ಎಲ್ಲ ವೇಷ ಕಳಚಿದ ಮೇಲೆ ಉಳಿಯುವ ಮುಖ ಒಂದೇ. ಎರಡು ಭಿನ್ನರಾಶಿ ಒಂದೇನಾ ಬೇರೆಬೇರೆನಾ ಅಂತ ನೋಡಲಿಕ್ಕೆ ಎರಡನ್ನೂ ಪೂರ್ತಿ ಸರಳ ರೂಪಕ್ಕೆ ತಂದು ಪಕ್ಕದಲ್ಲಿಟ್ಟರೆ ಸಾಕು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ ಅಂತ ಆಮೇಲೆ ಓದಿ ತಿಳಿದೆ. ನಮ್ಮದೇ ಕಲ್ಯಾಣ ಕರ್ನಾಟಕದ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಅದು ನಿಮಗೆಲ್ಲ ಗೊತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದರು. ಅದರ ಆರಂಭದಲ್ಲಿ ನೃಪತುಂಗನ ಸ್ತುತಿ ಇದೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಅದರಲ್ಲಿ ಭಿನ್ನರಾಶಿಗಳಿಗಾಗಿಯೇ ಒಂದು ದೊಡ್ಡ ಅಧ್ಯಾಯ ಇದೆ, ಕಲಾಸವರ್ಣ ವ್ಯವಹಾರ ಅಂತ ಹೆಸರು. ಬೇರೆಬೇರೆ ಛೇದಗಳನ್ನು ಕೂಡಿಸುವಾಗ ಸುಮ್ಮನೆ ಎಲ್ಲವನ್ನೂ ಗುಣಿಸಿ ದೊಡ್ಡ ಸಂಖ್ಯೆ ಮಾಡಿಕೊಳ್ಳುವ ಬದಲು, ನಾವು ಇವತ್ತು ಲ.ಸಾ.ಅ. ಅನ್ನುತ್ತೀವಲ್ಲ, ಅದನ್ನು ಅವರು 'ನಿರುದ್ಧ' ಅಂತ ಕರೆದು ಕಂಡುಹಿಡಿಯುವ ರೀತಿ ಹೇಳಿದ್ದಾರೆ. ಭಾರತದ ಗಣಿತಜ್ಞರಲ್ಲಿ ಈ ಮಾತನ್ನು ಮೊದಲು ಹೇಳಿದವರು ಇವರೇ ಅಂತ ವಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ತಮ್ಮ ಗಣಿತ ಚರಿತ್ರೆಯಲ್ಲಿ ಬರೆದಿದ್ದಾರೆ.

ಅದೇ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ ಇನ್ನೊಂದು ಮಾತಿದೆ. ಭಿನ್ನರಾಶಿಯನ್ನು ಸರಳ ರೂಪಕ್ಕೆ ತರುವುದಕ್ಕೆ ಹಳಬರು 'ಅಪವರ್ತನ' ಅನ್ನುತ್ತಿದ್ದರು. ಲೆಕ್ಕ ಶುರು ಮಾಡುವ ಮೊದಲು ಅದನ್ನು ಮಾಡಲೇಬೇಕು ಅಂತ ತಿಳಿದಿದ್ದರು. ಆದರೆ ಹೇಗೆ ಮಾಡಬೇಕು ಅಂತ ಗ್ರಂಥಗಳಲ್ಲಿ ಸೂತ್ರ ಬರೆದಿಲ್ಲ. ಅದನ್ನು ಗುರುಗಳು ಎದುರು ಕೂಡಿಸಿಕೊಂಡು ಬಾಯಿಮಾತಿನಲ್ಲಿ ಕಲಿಸುತ್ತಿದ್ದಿರಬೇಕು ಎನ್ನುವುದು ಅವರ ಊಹೆ. ನಮ್ಮ ಸರ್ ರೊಟ್ಟಿ ಲೆಕ್ಕ ಹೇಳಿದ್ದೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಇನ್ನೊಂದು ನೋಡಿ: ಮ.ಸಾ.ಅ., ಮಹತ್ತಮ ಸಾಮಾನ್ಯ ಅಪವರ್ತನ ಅಂತ ನಾವು ಬಾಯಿಪಾಠ ಮಾಡಿದೆವಲ್ಲ, ಆ 'ಅಪವರ್ತನ' ಈ ಹಳೆಯ ಶಬ್ದವೇ. ಮಹಾವೀರಾಚಾರ್ಯರಿಗಿಂತ ಎಷ್ಟೋ ಮೊದಲು, ತತ್ತ್ವಾರ್ಥಸೂತ್ರದ ಮೇಲಿನ ಭಾಷ್ಯದಲ್ಲಿ ಇದನ್ನು ಉಪಮೆಯಾಗಿಯೇ ಬಳಸಿದ್ದಾರೆ. ಗಣಿತ ಬಲ್ಲವನು ಅಂಶ ಛೇದಗಳಿಂದ ಸಮಾನ ಗುಣಕ ತೆಗೆದರೆ ಕೆಲಸ ಬೇಗ ಮುಗಿಯುತ್ತದೆ, ಬೆಲೆ ಮಾತ್ರ ಬದಲಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಧರ್ಮದ ಮಾತು ತಿಳಿಸಲಿಕ್ಕೆ ಭಿನ್ನರಾಶಿಯ ಉದಾಹರಣೆ ಕೊಡಬೇಕಾದರೆ, ಕೇಳುವ ಮಂದಿಗೆ ಭಿನ್ನರಾಶಿ ಎಷ್ಟು ಪರಿಚಯ ಇದ್ದಿರಬೇಕು!

ಸಂಖ್ಯೆ ಸಣ್ಣದಿದ್ದರೆ ಯಾವುದರಿಂದ ಭಾಗಿಸಬೇಕು ಅಂತ ಕಣ್ಣಿಗೇ ಕಾಣುತ್ತದೆ. ದೊಡ್ಡದಿದ್ದರೆ? ಇದಕ್ಕೆ ನಮ್ಮ ಹಿರಿಯರ ಕಾಲದ ಒಂದು ಉದಾಹರಣೆ ಇದೆ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ತುಂಗಭದ್ರೆ ದಾಟಿ ಆದವಾನಿ ಕಡೆ ಹೋದರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಇಂಗ್ಲಿಷರ ಕಲ್ದಾರ ರೂಪಾಯಿ. ನೂರು ಕಲ್ದಾರಕ್ಕೆ ಹಾಲಿ ಸಿಕ್ಕಾದ ದರ 116 ರೂಪಾಯಿ 10 ಆಣೆ 8 ಪೈ. ಹತ್ತಿ ಮಾರಿ ಬಂದ ರೈತ ಈ ದರ ಇಟ್ಟುಕೊಂಡು ಲೆಕ್ಕ ಹಾಕುವುದು ಹೇಗೆ?

ಎಲ್ಲವನ್ನೂ ಪೈ ಮಾಡಿ. 116 ರೂಪಾಯಿ 10 ಆಣೆ 8 ಪೈ ಅಂದರೆ 22400 ಪೈ. ನೂರು ರೂಪಾಯಿ ಅಂದರೆ 19200 ಪೈ. ಈಗ 22400/19200ನ್ನು ಸರಳ ಮಾಡಬೇಕು. ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ, 3200 ಉಳಿಯಿತು. ಈಗ 19200ರಲ್ಲಿ 3200 ಎಷ್ಟು ಸಲ ಹೋಗುತ್ತದೆ? ಸರಿಯಾಗಿ ಆರು ಸಲ, ಶೇಷ ಏನೂ ಇಲ್ಲ. ಹಾಗಾದರೆ ಮ.ಸಾ.ಅ. 3200. ಅದರಿಂದ ಎರಡನ್ನೂ ಭಾಗಿಸಿ, 7/6. ಆರು ಕಲ್ದಾರಕ್ಕೆ ಏಳು ಹಾಲಿ! ಇಷ್ಟು ದೊಡ್ಡ ಲೆಕ್ಕದ ಒಳಗೆ ಇದ್ದದ್ದು ಇಷ್ಟೇ. ಕಲ್ದಾರವನ್ನು ಹಾಲಿ ಮಾಡಬೇಕಾದರೆ ಆರರಲ್ಲಿ ಒಂದು ಪಾಲು ಸೇರಿಸು, ಹಾಲಿಯನ್ನು ಕಲ್ದಾರ ಮಾಡಬೇಕಾದರೆ ಏಳರಲ್ಲಿ ಒಂದು ಪಾಲು ತೆಗಿ. ಭಾರತದ ರೂಪಾಯಿ ಹೈದರಾಬಾದ್ ರಾಜ್ಯಕ್ಕೆ ಬಂದ ಮೇಲೂ ಇದೇ ಏಳಕ್ಕೆ ಆರರ ದರದಲ್ಲಿ ಎರಡೂ ಜೊತೆಗೇ ನಡೆದವು. 1959ರಲ್ಲಿ ಹಾಲಿ ಸಿಕ್ಕಾ ಪೂರ್ತಿ ನಿಂತಿತು.

ಈ ಕಳೆಯುತ್ತಾ ಹೋಗುವ ವಿಧಾನ ಬರೆದಿಟ್ಟವನು ಗ್ರೀಕರ ಯೂಕ್ಲಿಡ್, ಸುಮಾರು 2300 ವರ್ಷಗಳ ಹಿಂದೆ. ಹತ್ತನೇ ತರಗತಿಯ ಮಕ್ಕಳಿಗೆ ಅವನ ಹೆಸರು ಗೊತ್ತು. ಇದು ಯಾಕೆ ಸರಿ ಅಂದರೆ, ಒಂದು ಹಗ್ಗ ಎರಡು ಹೊಲದ ಬದುಗಳನ್ನೂ ಶೇಷ ಇಲ್ಲದೆ ಅಳೆಯುವುದಾದರೆ, ಆ ಎರಡು ಬದುಗಳ ವ್ಯತ್ಯಾಸವನ್ನೂ ಅದು ಶೇಷ ಇಲ್ಲದೆ ಅಳೆಯಲೇಬೇಕು. ಅದಕ್ಕೇ ದೊಡ್ಡದನ್ನು ಬಿಟ್ಟು ವ್ಯತ್ಯಾಸವನ್ನು ಹಿಡಿಯಬಹುದು. ಹೀಗೆ ಸಣ್ಣದಾಗುತ್ತಾ ಆಗುತ್ತಾ ಕೊನೆಗೆ ಆ ಹಗ್ಗವೇ ಕೈಗೆ ಬರುತ್ತದೆ. ಕಂಪ್ಯೂಟರ್ ಓದುವವರೆಲ್ಲ ಗೌರವಿಸುವ ಡೊನಾಲ್ಡ್ ಕ್ನೂತ್ ಅವರ ದೊಡ್ಡ ಗ್ರಂಥದ ಮೊದಲ ಸಂಪುಟ 1968ರಲ್ಲಿ ಬಂತು. ಅದರಲ್ಲಿ ಅವರು ವಿವರಿಸುವ ಮೊಟ್ಟಮೊದಲ ಅಲ್ಗಾರಿದಂ ಇದೇ. ಕಾಲೇಜಿನಲ್ಲಿ ಆ ಪುಟ ತೆರೆದಾಗ, ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರವರು ಸಿಕ್ಕಂತಾಯಿತು.

ಸಾಫ್ಟ್‌ವೇರ್ ಬಗ್ಗೆ ಹೇಳು ಅಂದಿದ್ದರಲ್ಲ, ಒಂದು ಹೇಳಿಬಿಡುತ್ತೇನೆ. ಸರಳ ರೂಪಕ್ಕೆ ತಂದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಸಂಖ್ಯೆ ಇಲ್ಲದಿದ್ದರೆ ಅದರ ದಶಮಾಂಶ ಒಂದು ಕಡೆ ನಿಲ್ಲುತ್ತದೆ. 9/12 ನೋಡಿದರೆ 12ರಲ್ಲಿ 3 ಇದೆ, ನಿಲ್ಲುವುದಿಲ್ಲ ಅನಿಸುತ್ತದೆ. ಸರಳ ಮಾಡಿದರೆ 3/4, ಅದು 0.75, ನಿಂತಿತು. ಮೊದಲು ಸರಳ ಮಾಡದಿದ್ದರೆ ಮೋಸ ಹೋಗುತ್ತೀರಿ. ಕಂಪ್ಯೂಟರ್ ಎಣಿಸುವುದು ಎರಡರ ಲೆಕ್ಕದಲ್ಲಿ, ಅದಕ್ಕೆ ಛೇದದಲ್ಲಿ 2 ಮಾತ್ರ ಇರಬೇಕು. 1/10ರ ಛೇದದಲ್ಲಿ ಒಂದು 5 ಇದೆ. ಅದಕ್ಕೇ ನಮ್ಮ ಹತ್ತು ಪೈಸೆಯಂಥ ಸಾದಾ ಸಂಖ್ಯೆ ಕಂಪ್ಯೂಟರ್ ಒಳಗೆ ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಬೇಕು. 0.1ಕ್ಕೆ 0.2 ಕೂಡಿಸು ಅಂದರೆ 0.30000000000000004 ಅನ್ನುತ್ತದೆ. ನಗು ಬರುತ್ತದೆ, ಆದರೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಇದು ಪ್ರಾಣ ತೆಗೆಯಿತು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಹೊತ್ತನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಆ 1/10ನ್ನು ಕತ್ತರಿಸಿ ಇಟ್ಟುಕೊಂಡಿತ್ತು. ನೂರು ಗಂಟೆ ಬಿಡುವಿಲ್ಲದೆ ಓಡಿದ ಮೇಲೆ ಗಡಿಯಾರ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತು. ಬರುತ್ತಿದ್ದ ಸ್ಕಡ್ ಕ್ಷಿಪಣಿ ಅದಕ್ಕೆ ಸಿಗಲಿಲ್ಲ. 28 ಮಂದಿ ಸೈನಿಕರು ಸತ್ತರು.

ಹಣದ ಲೆಕ್ಕದ ಪ್ರೋಗ್ರಾಂ ಬರೆಯುವಾಗ ನನಗೆ ದೊಡ್ಡವ್ವನ ಎರಡೂವರೆ ಗುಂಟೆ ನೆನಪಾಗುತ್ತದೆ. ಎಲ್ಲಿ ಪಾಲು ಕರಾರುವಾಕ್ಕಾಗಿ ಇರಬೇಕೋ ಅಲ್ಲಿ ದಶಮಾಂಶ ಬಿಟ್ಟು ಭಿನ್ನರಾಶಿಯನ್ನೇ ಇಡುತ್ತೇನೆ. ಪೈಥಾನ್ ಎಂಬ ಭಾಷೆಯಲ್ಲಿ ಅದಕ್ಕೆ ವ್ಯವಸ್ಥೆ ಇದೆ. 50/300 ಅಂತ ಕೊಟ್ಟರೆ ತಾನೇ 1/6 ಮಾಡಿ ಇಟ್ಟುಕೊಳ್ಳುತ್ತದೆ. ಒಳಗೆ ನಡೆಯುವುದು ಆ ಯೂಕ್ಲಿಡನ ಭಾಗಾಕಾರವೇ.

ಇನ್ನೊಂದು ಮಾತು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತವನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಹೋದ, ಆ ವರ್ಷವೇ ಗುಳೆ ಹೋದವರ ಜೊತೆ ಬೆಂಗಳೂರಿಗೆ ಹೋದ. ಈಗ ಮೇಸ್ತ್ರಿ. ಇಲ್ಲೇ ಕುಳಿತಿದ್ದಾನೆ, ಹೆಸರು ಹೇಳಬೇಡ ಅಂದಿದ್ದಾನೆ. ಒಂದು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಐದು ಚೀಲ ಸಿಮೆಂಟ್ ಇದ್ದರೆ ಉಳಿದದ್ದು ಎಷ್ಟು, ಹದಿನೈದು ಇದ್ದರೆ ಎಷ್ಟು ಅಂತ ನಿಂತ ನಿಲುವಿನಲ್ಲಿ ಹೇಳುತ್ತಾನೆ. ನಿನ್ನೆ ರಾತ್ರಿ ಅವನಿಗೆ ಅಂದೆ, 15:30:60 ಅನ್ನು 1:2:4 ಮಾಡುವುದೇ ಆ ಪಾಠ ಮಾರಾಯಾ, ನೀ ಹೋದದ್ದು ಅದರಲ್ಲೇ. "ಅವತ್ತ ನೀ ಯಾಕ ಹೇಳಲಿಲ್ಲ?" ಅಂದ. ನಿಜ. ನನಗೆ ಆಗ ಗೊತ್ತಿತ್ತು. ನಾನು ಮೊದಲ ಬೆಂಚಿಗೆ ಜಾಗ ಬದಲಿಸಿಕೊಂಡಿದ್ದೆ.

ಅದಕ್ಕೇ ನಾವು ಕೆಲವರು ಹಳೆಯ ವಿದ್ಯಾರ್ಥಿಗಳು ಸೇರಿ, ಗುರುಗಳು ಒಪ್ಪಿದರೆ, ಊರಿಗೆ ಬಂದಾಗೆಲ್ಲ ಎಂಟನೇ ತರಗತಿಯ ಮಕ್ಕಳ ಜೊತೆ ಒಂದು ಹೊತ್ತು ಕೂಡಬೇಕು ಅಂದುಕೊಂಡಿದ್ದೇವೆ. ಹೊಸ ಪಾಠ ಏನೂ ಇಲ್ಲ, ಭಿನ್ನರಾಶಿ ಮಾತ್ರ. ಮೇಸ್ತ್ರಿಯೂ ಬರುತ್ತೇನೆ ಅಂದಿದ್ದಾನೆ.

ಶುರು ಇವತ್ತೇ ಮಾಡೋಣ. ಮಕ್ಕಳೇ, ಬರೆದುಕೊಳ್ಳಿ: ಮೇಲೆ 391, ಕೆಳಗೆ 323. ಎರಡು, ಮೂರು, ಐದು, ಏಳು ಯಾವುದರಿಂದಲೂ ಎರಡೂ ಹೋಗುವುದಿಲ್ಲ. ಹಾಗಂತ ಬಿಡಬೇಡಿ, ಕಳೆಯುತ್ತಾ ಹೋಗಿ. ಊಟ ಆದ ಮೇಲೆ ನಾನು ಆ ಬೇವಿನ ಗಿಡದ ಕೆಳಗೆ ಕುಳಿತಿರುತ್ತೇನೆ. ದಾರಿ ಸಮೇತ ತೋರಿಸಬೇಕು. ಬರೀ ಉತ್ತರಕ್ಕೆ ಅರ್ಧ ಮಾರ್ಕು.